ಮಾದರಿ ರೈಲಿನ ಲೋಕೋಗೆ ನಿಜದ ಸದ್ದು ಕೊಡಿಸುವುದು ಹೇಗೆ?

"ಸೌಂಡ್ ಡಿಕೋಡರ್ ಹಾಕಿಸಿದ್ದೇನೆ, ದುಡ್ಡೂ ಸುರಿದಿದ್ದೇನೆ. ಆದರೂ ಲೋಕೋ ಆಟದ ಸಾಮಾನಿನ ಹಾಗೇ ಕಿರುಚುತ್ತದೆ. ಎಲ್ಲಿ ತಪ್ಪಿದೆ?" ಮಾದರಿ ರೈಲಿನ ಹವ್ಯಾಸಕ್ಕೆ ಬಿದ್ದವರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಡಿಕೋಡರ್ ಕೆಟ್ಟಿರುವುದು ಬಹಳ ಅಪರೂಪ. ಸಾಮಾನ್ಯವಾಗಿ ಎರಡೇ ತಪ್ಪು: ಸದ್ದು ವಿಪರೀತ ಜೋರಾಗಿರುತ್ತದೆ, ಮತ್ತು ಎಂಜಿನ್ ಗುಡುಗುವುದೂ ಚಕ್ರ ಉರುಳುವುದೂ ಒಂದೇ ಕ್ಷಣದಲ್ಲಿ ಆಗುತ್ತದೆ. ನಿಜವಾದ ಡೀಸೆಲ್ ಲೋಕೋದಲ್ಲಿ ಹಾಗಾಗುವುದಿಲ್ಲ. ಮೊದಲು ಸದ್ದು ಏರುತ್ತದೆ, ಆಮೇಲೆ ರೈಲು ಕದಲುತ್ತದೆ. ಈ ಹಿಂದುಮುಂದನ್ನು ಸರಿಪಡಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಉದಾಹರಣೆಗೆ ನಾನು ಇಟ್ಟುಕೊಂಡಿರುವುದು ಎಚ್‌ಒ ಅಳತೆಯ, ಅಂದರೆ ನಿಜದ 87ನೇ ಒಂದು ಭಾಗದಷ್ಟಿರುವ, ಡಬ್ಲ್ಯುಡಿಎಂ-2 ಡೀಸೆಲ್ ಲೋಕೋವನ್ನು. 1960ರ ದಶಕದಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ, ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಲೋಕೋ ಇದು. ವಿ ಆಕಾರದಲ್ಲಿ ಜೋಡಿಸಿದ 16 ಸಿಲಿಂಡರುಗಳು, 2600 ಅಶ್ವಶಕ್ತಿ. ಕೃಷ್ಣರಾಜಪುರದ ಲೋಕೋ ಶೆಡ್ಡಿನ ಸುತ್ತಮುತ್ತ ಬೆಳೆದವರಿಗೆ ಆಲ್ಕೋದ ಕುಂಟು ಲಯದ ಗುಡುಗುಡು ಸದ್ದನ್ನು ವಿವರಿಸುವ ಅಗತ್ಯವಿಲ್ಲ. ಡಿಕೋಡರ್ ಮಟ್ಟಿಗೆ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಬೇರೆ ಕಂಪನಿಯದಾದರೆ ಸಂಖ್ಯೆಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಮೊದಲು ನಾಲ್ಕು ಪದಗಳು

ಡಿಸಿಸಿ: ಹಳಿಯಲ್ಲೇ ವಿದ್ಯುತ್ತನ್ನೂ ಆದೇಶವನ್ನೂ ಒಟ್ಟಿಗೆ ಕಳಿಸುವ ಡಿಜಿಟಲ್ ವ್ಯವಸ್ಥೆ. ಪ್ರತಿ ಲೋಕೋಗೂ ಒಂದು ವಿಳಾಸ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಬಂದ ಆದೇಶವನ್ನು ಮಾತ್ರ ಅದು ಪಾಲಿಸುತ್ತದೆ.

ಡಿಕೋಡರ್: ಲೋಕೋದ ಹೊಟ್ಟೆಯಲ್ಲಿ ಕೂತು ಆ ಆದೇಶ ಓದುವ ಪುಟ್ಟ ಸರ್ಕ್ಯೂಟ್. ಸೌಂಡ್ ಡಿಕೋಡರಿನಲ್ಲಿ ಧ್ವನಿಮುದ್ರಿಕೆಗಳನ್ನು ಇಡುವ ಜಾಗವೂ ಸ್ಪೀಕರ್ ನಡೆಸುವ ಆಂಪ್ಲಿಫೈಯರೂ ಇರುತ್ತವೆ.

ಸಿವಿ: ಡಿಕೋಡರಿನ ಒಳಗಿನ ಸಂಖ್ಯೆ ಹಾಕಿದ ಗೂಡುಗಳು. ಒಂದೊಂದು ಗೂಡಿನಲ್ಲಿ 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ. ಸಿವಿ 3 ಅಂದರೆ ವೇಗ ಏರುವ ನಿಧಾನ, ಸಿವಿ 4 ಅಂದರೆ ಇಳಿಯುವ ನಿಧಾನ, ಹೀಗೆ.

ನಾಚ್: ಡೀಸೆಲ್ ಲೋಕೋದ ಥ್ರಾಟಲ್‌ನ (ಎಂಜಿನ್ನಿನ ಶಕ್ತಿ ಏರಿಳಿಸುವ ಹಿಡಿಯ) ಮೆಟ್ಟಿಲು. ಒಟ್ಟು ಎಂಟು. ಡಬ್ಲ್ಯುಡಿಎಂ-2ರ ಎಂಜಿನ್ ಖಾಲಿ ಓಡುವಾಗ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚ್‌ನಲ್ಲಿ 1000 ಸುತ್ತು ತಿರುಗುತ್ತದೆ. ಈ ಮೆಟ್ಟಿಲುಗಳು ಕಿವಿಗೆ ಬೇರೆಬೇರೆಯಾಗಿ ಕೇಳಬೇಕು.

ಏನೇನು ಬೇಕು?

ಡಿಸಿಸಿ ನಿಯಂತ್ರಕ, ಡಿಕೋಡರ್, ಡಬ್ಬಿ ಸಮೇತ ಒಂದು ಸ್ಪೀಕರ್, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಹಳದಿ ಟೇಪು), ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಸ್ಟಾಪ್‌ವಾಚ್. ಡಿಕೋಡರ್ ತರಿಸುವ ಮುನ್ನ ಲೋಕೋದ ಕವಚ ಬಿಚ್ಚಿ ಒಳಗಿನ ಸಾಕೆಟ್ ನೋಡಿಕೊಳ್ಳಿ. 8 ಪಿನ್ನೇ, 21 ಪಿನ್ನೇ ಎಂದು ಎಣಿಸದೆ ತರಿಸಿ, ಅಡಾಪ್ಟರಿಗಾಗಿ ಮತ್ತೆ ತಿಂಗಳು ಕಾದವರು ಕಡಿಮೆಯಿಲ್ಲ.

ಧ್ವನಿ ಕಡತ ಬದಲಿಸುವ ಆಸೆಯಿದ್ದರೆ ಲೋಕ್‌ಪ್ರೋಗ್ರಾಮರ್ ಎಂಬ ಪೆಟ್ಟಿಗೆಯೂ ವಿಂಡೋಸ್ ಕಂಪ್ಯೂಟರೂ ಬೇಕು. ತಂತ್ರಾಂಶ ಉಚಿತ, ಪೆಟ್ಟಿಗೆ ಅಲ್ಲ. ಒಂದೇ ಲೋಕೋ ಇರುವವರು ಅದನ್ನು ಕೊಳ್ಳುವುದು ದಂಡ. ಬೇಕಾದ ಕಡತವನ್ನು ಅಂಗಡಿಯಲ್ಲೇ ತುಂಬಿಸಿ ಕೊಡಿ ಎಂದು ಕೇಳಿ ತರಿಸುವುದು ಲೇಸು.

ಹಂತ 1: ಸದ್ದಿಗೆ ಮೊದಲು ಮೋಟರ್

ಎಳೆದೆಳೆದು ಓಡುವ ಲೋಕೋಗೆ ಎಂಥ ಸದ್ದು ಕೊಟ್ಟರೂ ನಗೆಪಾಟಲೇ. ಹಳಿ ಒರೆಸಿ, ಚಕ್ರ ಒರೆಸಿ, ಗೇರಿಗೆ ಒಂದೇ ಒಂದು ಹನಿ ಎಣ್ಣೆ ಬಿಡಿ. ಅತಿ ಕಡಿಮೆ ವೇಗದಲ್ಲಿ ಅದು ನಿಲ್ಲದೆ ತೆವಳಬೇಕು.

ಲೋಕ್‌ಸೌಂಡ್‌ನಲ್ಲಿ ಮೋಟರಿಗೆ ತಾನೇ ಹೊಂದಿಕೊಳ್ಳುವ ಸೌಲಭ್ಯವಿದೆ. ಸಿವಿ 54ಕ್ಕೆ 0 ಬರೆದು ನಿಯಂತ್ರಕದ ಎಫ್1 ಕೀಲಿ ಒತ್ತಿ. ಒತ್ತಿದ ಕೂಡಲೇ ಲೋಕೋ ಒಂದೆರಡು ಸೆಕೆಂಡು ಪೂರ್ಣ ವೇಗದಲ್ಲಿ ಚಿಮ್ಮುತ್ತದೆ. ಆದ್ದರಿಂದ ಮುಂದೆ ಉದ್ದದ, ಸಮತಟ್ಟಾದ ನೇರ ಹಳಿ ಇರಲಿ. ಮೇಜಿನ ಅಂಚಿನ ಕಡೆ ಮುಖ ಮಾಡಿಸಿಟ್ಟು ಈ ಕೀಲಿ ಒತ್ತಬೇಡಿ. ನಾನು ಒಮ್ಮೆ ಒತ್ತಿದ್ದೇನೆ. ಬಫರ್ ಮುರಿದುಹೋಗಿ ಹೊಸದನ್ನು ಅಂಟಿಸಬೇಕಾಯಿತು.

ಹಂತ 2: ಸ್ಪೀಕರ್ ಮತ್ತು ಅದರ ಡಬ್ಬಿ

ದುಬಾರಿ ಡಿಕೋಡರ್ ತಂದು ಸ್ಪೀಕರ್ ವಿಷಯದಲ್ಲಿ ಉದಾಸೀನ ಮಾಡುವವರೇ ಹೆಚ್ಚು. ಸ್ಪೀಕರಿನ ಪೊರೆ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಗಾಳಿ ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಕಲೆತರೆ ಒಂದನ್ನೊಂದು ಅಳಿಸಿಹಾಕುತ್ತವೆ, ಬಾಸ್, ಅಂದರೆ ತಗ್ಗಿನ ಸ್ವರಗಳೇ ಮಾಯವಾಗುತ್ತವೆ. ಅದಕ್ಕೇ ಹಿಂಬದಿ ಪೂರ್ತಿ ಮುಚ್ಚಿದ ಡಬ್ಬಿ ಬೇಕು. ಸೂಜಿ ಹೋಗುವಷ್ಟು ಸಂದಿಯೂ ಇರಬಾರದು. ತಂತಿ ಹೊರಬರುವ ತೂತಿಗೂ ಅಂಟು ಹಚ್ಚಿ.

ಪರೀಕ್ಷೆ ಸುಲಭ. ಖಾಲಿ ಓಡುವ ಎಂಜಿನ್ನಿನ ಸದ್ದು ಹಾಕಿ, ಸ್ಪೀಕರನ್ನು ಬೆರಳುಗಳಲ್ಲಿ ಹಿಡಿದು ಕೇಳಿ. ಆಮೇಲೆ ಡಬ್ಬಿಯ ಅಂಚಿನ ಸುತ್ತ ಒಂದಿಷ್ಟು ಮೇಣವನ್ನೋ ಅಂಟುಮಣ್ಣನ್ನೋ ಒತ್ತಿ ಮತ್ತೆ ಕೇಳಿ. ಸದ್ದು ದಪ್ಪಗಾಯಿತು ಅಂದರೆ ಮೊದಲು ಗಾಳಿ ಸೋರುತ್ತಿತ್ತು ಎಂದರ್ಥ.

ಸಕ್ಕರೆ ತುಂಡಿನಷ್ಟು ಚಿಕ್ಕದಾದ, 11 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸ್ಪೀಕರುಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಮೊಬೈಲಿಗೆ ಹಾಕುವ ಜಾತಿಯವೇ ಇವು. ಗಾತ್ರ ನೋಡಿ ಮೂಗು ಮುರಿಯಬೇಡಿ, ಡಬ್ಬಿ ಸರಿಯಿದ್ದರೆ ಎಚ್‌ಒ ಲೋಕೋಗೆ ಸಾಕು.

ಇಲ್ಲೊಂದು ಎಚ್ಚರಿಕೆ. ಲೋಕ್‌ಸೌಂಡ್ 5ಕ್ಕೆ 4ರಿಂದ 32 ಓಮ್‌ವರೆಗಿನ ಸ್ಪೀಕರ್ ನಡೆಯುತ್ತದೆ. ಅದೇ ಸಾಲಿನ ಹಳೆಯ 3.5 ಡಿಕೋಡರಿಗೆ 100 ಓಮ್ ಸ್ಪೀಕರ್ ಮಾತ್ರ. ಹಳೆಯ ಡಿಕೋಡರಿಗೆ ಹೊಸ 8 ಓಮ್ ಸ್ಪೀಕರ್ ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟುಹೋದೀತು. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ಎರಡು ಸಲ ಓದಿಕೊಳ್ಳಿ.

ಡಿಕೋಡರನ್ನು ಪ್ಲಾಸ್ಟಿಕ್ ತೊಗಟೆಯಲ್ಲಿ ಬಿಗಿಯಾಗಿ ಸುತ್ತಿಡುವ ಅಭ್ಯಾಸವೂ ಬೇಡ. ಬಿಸಿ ಹೊರಹೋಗಲು ದಾರಿ ಬೇಕು. ಲೋಹದ ಚೌಕಟ್ಟಿಗೆ ತಗುಲುವ ಕಡೆ ಚೌಕಟ್ಟಿನ ಮೇಲೆ ಟೇಪ್ ಅಂಟಿಸಿ, ಡಿಕೋಡರಿನ ಮೇಲಲ್ಲ.

ಹಂತ 3: ಸರಿಯಾದ ಧ್ವನಿ ಕಡತ

ಡಿಕೋಡರ್ ಕಂಪನಿಗಳ ಸಂಗ್ರಹದಲ್ಲಿ ಹೆಚ್ಚಾಗಿ ಅಮೆರಿಕ, ಯುರೋಪಿನ ಲೋಕೋಗಳ ಕಡತಗಳೇ ಸಿಗುತ್ತವೆ. ನಮ್ಮ ಲೋಕೋಗೆ ಕಡತ ಹುಡುಕುವಾಗ ಲೋಕೋದ ಹೆಸರು ಬಿಡಿ, ಎಂಜಿನ್ನಿನ ಹೆಸರು ಹಿಡಿಯಿರಿ. ಡಬ್ಲ್ಯುಡಿಎಂ-2ರ ಒಳಗಿರುವುದು ಆಲ್ಕೋ 251, 16 ಸಿಲಿಂಡರಿನದು. ಅದೇ ಎಂಜಿನ್ನಿನ ಅಮೆರಿಕದ ಲೋಕೋಗಳ ಕಡತ ನಮಗೂ ನಡೆಯುತ್ತದೆ. 12 ಸಿಲಿಂಡರಿನ ಕಡತವನ್ನು ಮಾತ್ರ ಆಲ್ಕೋ ಎಂಬ ಹೆಸರು ನೋಡಿ ತುಂಬಿಸಬೇಡಿ, ಲಯವೇ ಬೇರೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ನಿಮ್ಮ ಬಳಿ ಇದ್ದರೆ ಇಎಂಡಿ 710 ಎಂಬ ಕಡತ ಹುಡುಕಿ. ಆಲ್ಕೋ ನಾಲ್ಕು ಸ್ಟ್ರೋಕಿನದು, ಇಎಂಡಿ ಎರಡು ಸ್ಟ್ರೋಕಿನದು. ಒಂದು ಗುಡುಗುಡು, ಇನ್ನೊಂದು ಒಂದೇ ಸಮನೆಯ ಹೂಂಕಾರ. ಒಂದರ ಬದಲು ಇನ್ನೊಂದನ್ನು ಹಾಕಿದರೆ ರೈಲು ನೋಡಿ ಬೆಳೆದ ಯಾರಿಗೂ ಗೊತ್ತಾಗಿಬಿಡುತ್ತದೆ.

ನೀವೇ ಧ್ವನಿಮುದ್ರಿಸಿ ಹಾಕಬಹುದೇ? ಹಾಕಬಹುದು, ಡಬ್ಲ್ಯುಎವಿ ಕಡತವನ್ನು ತಂತ್ರಾಂಶ ಸ್ವೀಕರಿಸುತ್ತದೆ. ಆದರೆ ಖಾಲಿ ಓಡುವ ಸದ್ದು ಎಂದರೆ ಕೆಲವೇ ಸೆಕೆಂಡಿನ ತುಣುಕು ಮತ್ತೆ ಮತ್ತೆ ಸುತ್ತುವುದು. ನನ್ನ ಮೊದಲ ಪ್ರಯತ್ನದಲ್ಲಿ ಆ ತುಣುಕಿನ ಕೊನೆಗೆ ಪ್ಲಾಟ್‌ಫಾರ್ಮಿನ "ಚಾಯ್" ಎಂಬ ಕೂಗು ಸೇರಿಕೊಂಡಿತ್ತು. ನಾಲ್ಕು ಸೆಕೆಂಡಿಗೊಮ್ಮೆ ಲೋಕೋದ ಹೊಟ್ಟೆಯಿಂದ ಚಹಾ ಮಾರಾಟ ನಡೆಯುತ್ತಿತ್ತು. ಹೊಸಬರು ಸಿದ್ಧ ಕಡತದಿಂದಲೇ ಆರಂಭಿಸಿ.

ಹಂತ 4: ವೇಗದ ಮಿತಿ

ಸದ್ದಿಗೂ ಗರಿಷ್ಠ ವೇಗಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ಬಹಳ ಇದೆ. ಡಿಕೋಡರ್ ನಾಚ್ ಬದಲಿಸುವುದು ನೀವು ಥ್ರಾಟಲ್ ಎಷ್ಟು ತಿರುಗಿಸಿದ್ದೀರಿ ಎಂಬುದನ್ನು ನೋಡಿ. ಪೆಟ್ಟಿಗೆಯಿಂದ ತೆಗೆದ ಹಾಗೇ ಓಡಿಸಿದರೆ ಮಾದರಿಗಳು ನಿಜದ ಲೆಕ್ಕಕ್ಕೆ ಮೀರಿದ ವೇಗದಲ್ಲಿ ಓಡುತ್ತವೆ. ಹಾಗಾಗಿ ನೀವು ಥ್ರಾಟಲನ್ನು ಕಾಲು ಭಾಗವೋ ಮೂರನೇ ಒಂದು ಭಾಗವೋ ತಿರುಗಿಸಿ ಅಲ್ಲೇ ನಿಲ್ಲಿಸುತ್ತೀರಿ. ಎಂಜಿನ್ ಎರಡನೇ ನಾಚ್ ದಾಟುವುದೇ ಇಲ್ಲ. "ನನ್ನ ಲೋಕೋ ಗರ್ಜಿಸುವುದಿಲ್ಲ" ಎಂಬ ದೂರಿನ ಮೂಲ ಇಲ್ಲಿದೆ.

ಡಬ್ಲ್ಯುಡಿಎಂ-2ರ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 38 ಸೆಂ.ಮೀ. ಹಳಿಯ ಪಕ್ಕ ಒಂದು ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಥ್ರಾಟಲ್ ಪೂರ್ತಿ ಕೊಟ್ಟು, ಗುರುತಿನಿಂದ ಗುರುತಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಸುಮಾರು 2.6 ಸೆಕೆಂಡ್ ಬರುವವರೆಗೆ ಸಿವಿ 5ರ ಬೆಲೆ ಇಳಿಸುತ್ತ ಬನ್ನಿ. ಇನ್ನು ಮೇಲೆ ಥ್ರಾಟಲಿನ ಪೂರ್ತಿ ಸುತ್ತು ನಿಮ್ಮದು, ಎಂಟು ನಾಚೂ ನಿಮ್ಮವು.

ಹಂತ 5: ಮೊದಲು ಸದ್ದು, ಆಮೇಲೆ ಚಕ್ರ

ಲೇಖನದ ಜೀವ ಇದು, ಇಲ್ಲಿ ಅವಸರ ಬೇಡ.

ನಿಂತ ರೈಲನ್ನು ಲೋಕೋ ಪೈಲಟ್ ಎಬ್ಬಿಸುವುದನ್ನು ನೆನಪಿಸಿಕೊಳ್ಳಿ. ನಾಚ್ ಕೊಟ್ಟಾಗ ಎಂಜಿನ್ ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ, ಟರ್ಬೋ ಇನ್ನೂ ಹಿಂದೆ ಬಿದ್ದಿರುವುದರಿಂದ ಆಲ್ಕೋ ಒಂದು ಬುಗ್ಗೆ ಕಪ್ಪು ಹೊಗೆ ಬಿಡುತ್ತದೆ, ಸದ್ದು ಮೇಲೇರುತ್ತದೆ. ಆಗಲೂ ಗಾಡಿ ನಿಂತೇ ಇರುತ್ತದೆ. ಮತ್ತೊಂದು ಉಸಿರಿನ ಹೊತ್ತಿಗೆ ಕಪ್ಲಿಂಗ್‌ಗಳು ಬಿಗಿಯುತ್ತವೆ, ಬೋಗಿಗಳು ಕದಲುತ್ತವೆ. ವೇಗ ಸಿಕ್ಕ ಮೇಲೆ ನಾಚ್ ಇಳಿಸಿದರೆ ಎಂಜಿನ್ ಶಾಂತವಾಗುತ್ತದೆ, ರೈಲು ಮಾತ್ರ ಓಡುತ್ತಲೇ ಇರುತ್ತದೆ. ಇದನ್ನು ಮಾದರಿಗೆ ತರಲು ಮೂರು ಉಪಾಯಗಳಿವೆ.

ಒಂದು, ಜಡತ್ವ. ಸಿವಿ 3 ಮತ್ತು ಸಿವಿ 4ರ ಬೆಲೆಗಳನ್ನು ಏರಿಸಿ. ಬೆಲೆಗೂ ಸೆಕೆಂಡಿಗೂ ಇರುವ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೇ ಪುಸ್ತಕದ ಅಂಕಿ ನಂಬದೆ ಸ್ಟಾಪ್‌ವಾಚ್ ಹಿಡಿಯಿರಿ. ಮನೆಯ ಕೋಣೆಯಲ್ಲಿನ ಹಳಿಗೆ ಸೊನ್ನೆಯಿಂದ ಪೂರ್ಣ ವೇಗಕ್ಕೆ 15ರಿಂದ 20 ಸೆಕೆಂಡ್ ಸರಿಯಾದೀತು. ನಿಜದಲ್ಲಿ ನಿಮಿಷಗಟ್ಟಲೆ ಬೇಕು. ಆದರೆ ನಿಜದ ರೈಲಿಗೆ ನಾಲ್ಕು ಮೀಟರಿಗೆ ತಿರುವು ಬರುವುದಿಲ್ಲ.

ಎರಡು, ತಡವಾಗಿ ಹೊರಡುವುದು. ಎಂಜಿನ್ ಸ್ಟಾರ್ಟ್ ಆಗುವ ಸದ್ದು ಮುಗಿಯುವ ಮುನ್ನವೇ ಥ್ರಾಟಲ್ ಕೊಟ್ಟರೂ ಲೋಕೋ ಕದಲದಂತೆ ತಡೆಯುವ ಆಯ್ಕೆ ಸಿವಿ 124ರಲ್ಲಿದೆ. ತಂತ್ರಾಂಶದಲ್ಲಿ ಅದೊಂದು ಟಿಕ್ ಗುರುತು ಅಷ್ಟೇ. ಇದನ್ನು ಹಾಕಿದ ಮೇಲೆ "ಲೋಕೋ ಕೆಟ್ಟಿದೆ, ಓಡುತ್ತಿಲ್ಲ" ಎಂದು ಗಾಬರಿಯಾಗಬೇಡಿ. ಸ್ಟಾರ್ಟ್ ಆಗುವವರೆಗೆ ಕಾಯಿರಿ.

ಮೂರು, ಡ್ರೈವ್ ಹೋಲ್ಡ್. ಹೊಸ ಲೋಕ್‌ಸೌಂಡ್ ಕಡತಗಳಲ್ಲಿ, ಅಮೆರಿಕದ ಮಾದರಿಗಳದ್ದರಲ್ಲಿ ಸಾಮಾನ್ಯವಾಗಿ ಎಫ್9 ಕೀಲಿಯಲ್ಲಿ, ಇದು ಸಿಗುತ್ತದೆ. ಒತ್ತಿದರೆ ಚಕ್ರದ ವೇಗ ಇದ್ದಲ್ಲೇ ನಿಲ್ಲುತ್ತದೆ, ಥ್ರಾಟಲ್ ಬರೀ ಎಂಜಿನ್ನಿನ ಸದ್ದನ್ನು ಆಡಿಸುತ್ತದೆ. ನಿಂತ ಲೋಕೋದಲ್ಲಿ ಎಫ್9 ಒತ್ತಿ, ಥ್ರಾಟಲನ್ನು ನಾಲ್ಕನೇ ನಾಚ್‌ಗೆ ಏರಿಸಿ, ಒಂದು ಕ್ಷಣ ಗುಡುಗಲು ಬಿಟ್ಟು, ಎಫ್9 ಬಿಡಿಸಿ. ಆ ಕ್ಷಣದಲ್ಲಿ ಅದು ಭಾರ ಎಳೆಯುತ್ತ ಕದಲುವ ರೀತಿ ನೋಡಿದವರು ಮತ್ತೆ ಹಳೆಯ ಪದ್ಧತಿಗೆ ಹೋಗುವುದಿಲ್ಲ. ಓಡುವಾಗ ಎಫ್9 ಒತ್ತಿ ಥ್ರಾಟಲ್ ಇಳಿಸಿದರೆ ಇಳಿಜಾರಿನಲ್ಲಿ ತೇಲಿಹೋಗುವ ರೈಲು. ಮರೆಯಬಾರದ್ದು ಇಷ್ಟೇ: ಎಫ್9 ಒತ್ತಿರುವಾಗ ಥ್ರಾಟಲನ್ನು ಸೊನ್ನೆಗೆ ತಂದರೂ ರೈಲು ನಿಲ್ಲುವುದಿಲ್ಲ. ಮುಂದೆ ಹಳಿ ಮುಗಿಯುತ್ತದೆ ಎಂಬ ಭಯದಲ್ಲಿ ಎಲ್ಲರೂ ಥ್ರಾಟಲನ್ನೇ ತಿರುಗಿಸುತ್ತಾರೆ. ನಿಲ್ಲಿಸಲು ಬ್ರೇಕ್ ಕೀಲಿ ಬಳಸಿ, ಸಾಮಾನ್ಯವಾಗಿ ಎಫ್10. ಅದರ ಹಿಡಿತವನ್ನು ಸಿವಿ 179ರಲ್ಲಿ ಹೊಂದಿಸಬಹುದು. ಬ್ರೇಕ್ ಕೈಗೆ ಕೂತ ಮೇಲೆ ಸಿವಿ 4 ಅನ್ನು ಧಾರಾಳವಾಗಿ ಏರಿಸಬಹುದು, ಅದಕ್ಕೆ ಮೊದಲು ಬೇಡ.

ಹಂತ 6: ಸದ್ದಿನ ಪ್ರಮಾಣ

ನೀವು ಎರಡು ಮೀಟರ್ ದೂರ ನಿಂತು ಮಾದರಿ ನೋಡುತ್ತಿದ್ದೀರಿ ಅಂದರೆ, 87ರ ಲೆಕ್ಕದಲ್ಲಿ ನಿಜದ ಲೋಕೋದಿಂದ 174 ಮೀಟರ್ ದೂರದಲ್ಲಿದ್ದೀರಿ. ಹಳಿಯಾಚೆಯ ಗದ್ದೆಯ ಬದುವಿನ ಮೇಲೆ ನಿಂತ ಹಾಗೆ. ಅಷ್ಟು ದೂರದಿಂದ ಏನು ಕೇಳುತ್ತದೆ? ಹಾರ್ನ್ ಸ್ಪಷ್ಟವಾಗಿ ಕೇಳುತ್ತದೆ. ಎಂಜಿನ್ ಗಾಳಿಯಲ್ಲಿ ತೇಲಿಬರುವ ಗುನುಗು. ಕಪ್ಲಿಂಗ್ ಬಡಿತ, ಗಾಳಿ ಬಿಡುವ ಚುಸ್ ಎಂಬ ಸದ್ದು ಕೇಳಿಸಿದರೂ ಕೇಳಿಸದ ಹಾಗೆ. ನಿಮ್ಮ ಲೋಕೋದ ಸದ್ದುಗಳೂ ಈ ಅನುಪಾತದಲ್ಲಿ ಇರಬೇಕು.

ಲೋಕ್‌ಸೌಂಡ್‌ನಲ್ಲಿ ಒಟ್ಟು ಪ್ರಮಾಣ ಸಿವಿ 63. ಅದರ ಮಿತಿ 192, ತುಂಬಿಸಿ ಬರುವುದೂ ಮಿತಿಯ ಹತ್ತಿರದಲ್ಲೇ. ನಾನು 70ರಿಂದ ಶುರು ಮಾಡಿ, ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಳ್ಳುವುದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸುತ್ತೇನೆ. ಜಿಮೋ ಡಿಕೋಡರಿನಲ್ಲಿ ಇದೇ ಕೆಲಸಕ್ಕೆ ಸಿವಿ 266, ಸೌಂಡ್‌ಟ್ರಾಕ್ಸ್‌ನ ತ್ಸುನಾಮಿ2ರಲ್ಲಿ ಸಿವಿ 128.

ಆಮೇಲೆ ಒಂದೊಂದೇ ಸದ್ದು. ಲೋಕ್‌ಸೌಂಡ್‌ನಲ್ಲಿ ಮೊದಲು ಸಿವಿ 31ಕ್ಕೆ 16, ಸಿವಿ 32ಕ್ಕೆ 1 ಬರೆಯಬೇಕು. ದಪ್ಪ ಲೆಕ್ಕದ ಪುಸ್ತಕದಲ್ಲಿ ಸರಿಯಾದ ಪುಟ ತೆರೆದಂತೆ ಇದು. ಆ ಪುಟದಲ್ಲಿ ಸಿವಿ 259 ಮೊದಲ ಸದ್ದಿನ ಪ್ರಮಾಣ, ಬಹುತೇಕ ಕಡತಗಳಲ್ಲಿ ಅದೇ ಎಂಜಿನ್. ಮುಂದೆ ಎಂಟೆಂಟು ಸೇರಿಸುತ್ತ 267, 275, 283 ಹೀಗೆ. ಯಾವ ಸ್ಥಾನದಲ್ಲಿ ಯಾವ ಸದ್ದಿದೆ ಎಂಬುದು ಕಡತದ ಜೊತೆ ಬರುವ ಪಟ್ಟಿಯಲ್ಲಿರುತ್ತದೆ. ಪುಟ ತೆರೆಯುವುದನ್ನು ಮರೆತು ನೇರ 259ಕ್ಕೆ ಬರೆದರೆ ಬೇರಾವುದೋ ಪುಟದಲ್ಲಿ ಬರೆದಿರುತ್ತೀರಿ. ಸದ್ದು ಇಳಿಯುವ ಬದಲು ಹಾರ್ನ್ ಕೀಲಿ ದೀಪ ಹೊತ್ತಿಸಲು ಶುರು ಮಾಡೀತು. ಹಾಗಾದರೆ ಸಿವಿ 8ಕ್ಕೆ 8 ಬರೆಯಿರಿ. ಬೆಲೆಗಳೆಲ್ಲ ಮೊದಲಿನಂತಾಗುತ್ತವೆ, ಧ್ವನಿ ಕಡತ ಅಳಿಯುವುದಿಲ್ಲ. ಆದರೆ ನೀವು ಅಷ್ಟು ಹೊತ್ತು ಮಾಡಿದ್ದೂ ಹೋಗುತ್ತದೆ.

ಈ ಕೆಲಸವನ್ನು ಪ್ರೋಗ್ರಾಮಿಂಗ್ ಹಳಿಯಲ್ಲಿ (ಸಿವಿ ಬರೆಯಲೆಂದೇ ಬೇರೆಯಾಗಿಟ್ಟ ತುಂಡು ಹಳಿಯಲ್ಲಿ) ಮಾಡಬೇಡಿ. ಅಲ್ಲಿ ವಿದ್ಯುತ್ ಕಡಿಮೆ, ಸದ್ದು ಬರುವುದಿಲ್ಲ. ಓಡಿಸುವ ಹಳಿಯಲ್ಲೇ ಬೆಲೆ ಬದಲಿಸುವ ಸೌಲಭ್ಯ ನಿಯಂತ್ರಕದಲ್ಲಿದ್ದರೆ ಅದನ್ನು ಬಳಸಿ. ಬದಲಾದದ್ದು ಆಗಲೇ ಕಿವಿಗೆ ಬೀಳುತ್ತದೆ. ಉಳಿದ ಲೋಕೋಗಳನ್ನು ಮೊದಲು ಹಳಿಯಿಂದ ಎತ್ತಿಟ್ಟುಬಿಡಿ. ಒಂದು ಬೆರಳು ತಪ್ಪಿದರೆ ಎಲ್ಲವಕ್ಕೂ ಒಂದೇ ಬೆಲೆ ಬಿದ್ದೀತು.

ಪ್ರಮಾಣ ಇಳಿಸಿದ ಮೇಲೂ ಸ್ಪೀಕರ್ ಜರಜರ ಎನ್ನುತ್ತಿದ್ದರೆ, ಪುಟ್ಟ ಸ್ಪೀಕರಿಗೆ ಎತ್ತಲಾಗದಷ್ಟು ತಗ್ಗಿನ ಸ್ವರ ಹೋಗುತ್ತಿದೆ ಎಂದರ್ಥ. ಲೋಕ್‌ಸೌಂಡ್ 5ರಲ್ಲಿ ಸಿವಿ 196 ಬಾಸ್ ಸ್ವರದ್ದು. 16 ಅಂದರೆ ಮಧ್ಯಮ. ಅದನ್ನು 10ರ ಕಡೆಗೆ ಇಳಿಸಿ ನೋಡಿ. ಬಾಸ್ ಕಡಿಮೆ ಮಾಡಿದರೆ ಸದ್ದು ಸಪ್ಪೆಯಾದೀತು ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ನಿಜಕ್ಕೂ ಆಗುವುದು ಬೇರೆ: ಜರಜರ ಹೋಗಿ ಉಳಿದದ್ದು ನಿಚ್ಚಳವಾಗುತ್ತದೆ.

ಹಂತ 7: ಹಾರ್ನ್ ಮತ್ತು ಉಳಿದ ಕೀಲಿಗಳು

ಅಮೆರಿಕದ ಕಡತದಲ್ಲಿ ಎಫ್1 ಗಂಟೆ. ನಮ್ಮ ಡಬ್ಲ್ಯುಡಿಎಂ-2ಕ್ಕೆ ಗಂಟೆಯೇ ಇಲ್ಲ, ತೆಗೆದುಬಿಡಿ. ಎಫ್2 ಹಾರ್ನ್. ಕಡತದೊಳಗೆ ಹಲವು ಹಾರ್ನ್‌ಗಳ ಆಯ್ಕೆ ಇರುತ್ತದೆ. ಐದು ಸ್ವರ ಕೂಡಿದ ಅಮೆರಿಕದ ಹಾರ್ನ್ ಎಷ್ಟೇ ಇಂಪಾಗಿದ್ದರೂ ನಮ್ಮ ಲೋಕೋಗೆ ಹೊಂದುವುದಿಲ್ಲ. ಸ್ವರ ಕಡಿಮೆ ಇರುವುದನ್ನು ಆರಿಸಿ. ಊದುವ ಕ್ರಮವೂ ಬೇರೆ. ಅಲ್ಲಿ ಲೆವೆಲ್ ಕ್ರಾಸಿಂಗ್ ಬಳಿ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ನಮ್ಮಲ್ಲಿ ಗೇಟಿಗೆ 600 ಮೀಟರ್ ಮೊದಲೇ ಡಬ್ಲ್ಯು/ಎಲ್ ಎಂಬ ಹಳದಿ ಫಲಕ ನಿಂತಿರುತ್ತದೆ, ಅಲ್ಲಿಂದ ಉದ್ದನೆಯ ಹಾರ್ನ್. ಮಾದರಿಯಲ್ಲಿ ಅದು ಸುಮಾರು ಏಳು ಮೀಟರ್. ಅಷ್ಟು ಹಳಿ ಯಾರ ಮನೆಯಲ್ಲಿದೆ! ಒಂದು ಮೀಟರ್ ಹಿಂದೆ ಫಲಕ ನೆಟ್ಟುಕೊಳ್ಳಿ.

ಉಗಿ ಲೋಕೋ ಇರುವವರಿಗೆ

ಕ್ರಮ ಇದೇ, ಒಂದು ಕೆಲಸ ಹೆಚ್ಚು. ಡಬ್ಲ್ಯುಪಿ, ಡಬ್ಲ್ಯುಜಿ, ಮೀಟರ್‌ಗೇಜಿನ ವೈಪಿ ಎಲ್ಲವೂ ಎರಡು ಸಿಲಿಂಡರಿನವು. ಪ್ರತಿ ಸಿಲಿಂಡರಿನಲ್ಲೂ ಉಗಿ ಎರಡೂ ಕಡೆಯಿಂದ ತಳ್ಳುವುದರಿಂದ, ದೊಡ್ಡ ಚಕ್ರದ ಒಂದು ಸುತ್ತಿಗೆ ನಾಲ್ಕು "ಛುಕ್". ಚಕ್ರದ ಅಂಚಿಗೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು, ಅತಿ ಕಡಿಮೆ ವೇಗದಲ್ಲಿ ಓಡಿಸಿ, ಚುಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಬಾರಿ ಕೇಳಿತು ಎಣಿಸಿ. ಲೋಕ್‌ಸೌಂಡ್‌ನಲ್ಲಿ ಮೊದಲ ವೇಗದ ಹೆಜ್ಜೆಯಲ್ಲಿ ಸಿವಿ 57ರಿಂದ ಹೊಂದಿಸಿ, ಆಮೇಲೆ ಹೆಚ್ಚಿನ ವೇಗಕ್ಕೆ ಸಿವಿ 58. ಜಿಮೋದಲ್ಲಿ ಸಿವಿ 267. ಹೀಗೆ ಹೊಂದಿಸಿದ್ದು ಗೇರಿನ ಸಡಿಲದಿಂದ ನಿಧಾನಕ್ಕೆ ಹಿಂದುಮುಂದಾಗುತ್ತದೆ. ಅದನ್ನು ಸಹಿಸದವರು ಚಕ್ರಕ್ಕೆ ಪುಟ್ಟ ಅಯಸ್ಕಾಂತ ಅಂಟಿಸಿ ಸೆನ್ಸರ್ ಹಾಕಿಕೊಳ್ಳುತ್ತಾರೆ. ಚೊಚ್ಚಲ ಲೋಕೋಗೆ ಅಷ್ಟು ಹಟ ಬೇಡ.

ಮತ್ತೆ ಮತ್ತೆ ಬರುವ ತೊಂದರೆಗಳು

ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಸದ್ದು ಕಡಿದು ಎಂಜಿನ್ ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುತ್ತದೆಯೇ? ಚಕ್ರಕ್ಕೆ ಕ್ಷಣಕಾಲ ವಿದ್ಯುತ್ ತಪ್ಪಿದೆ. ಮೊದಲು ಹಳಿ, ಚಕ್ರ ಒರೆಸಿ. ಆಮೇಲೂ ಹಾಗೇ ಆದರೆ ಕೆಪಾಸಿಟರ್ ಇರುವ ಪವರ್‌ಪ್ಯಾಕ್ ಸೇರಿಸಿ. ಕೊಳೆ ಹಳಿಗೆ ಪವರ್‌ಪ್ಯಾಕ್ ಮದ್ದಲ್ಲ.

ಸಿವಿ ಓದಲು ಹೋದರೆ ನಿಯಂತ್ರಕ ದೋಷ ತೋರಿಸುತ್ತದೆಯೇ? ಓದುವಾಗ ಡಿಕೋಡರ್ ಮೋಟರನ್ನು ಮಿಡಿದು ಕನಿಷ್ಠ 60 ಮಿಲಿಆಂಪಿಯರ್ ಎಳೆದು "ಹೌದು" ಎನ್ನುತ್ತದೆ. ಮೋಟರ್ ತಂತಿ ಸಡಿಲವಾಗಿದ್ದರೂ, ಪವರ್‌ಪ್ಯಾಕ್ ಅದೇ ಹೊತ್ತಿಗೆ ಚಾರ್ಜ್ ಆಗುತ್ತಿದ್ದರೂ ಆ ಉತ್ತರ ತಲುಪುವುದಿಲ್ಲ. ಓದಲು ಆಗದಿದ್ದರೂ ಬರೆದದ್ದು ಹಲವು ಸಲ ದಾಖಲಾಗಿರುತ್ತದೆ. ಲೋಕೋ ಓಡಿಸಿ ನೋಡಿ, ಆಮೇಲೆ ಬೈಯಿರಿ.

ಒಂದೊಂದು ಸಿವಿ ಬದಲಿಸಿದಾಗಲೂ ಹಳೆಯ ಬೆಲೆ, ಹೊಸ ಬೆಲೆ ಎರಡನ್ನೂ ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು, ಆ ಚೀಟಿಯನ್ನು ಲೋಕೋದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ.